ಕೊನೆ, ಕಾಯಿ ಮತ್ತು ಕರ್ಮಣಿ ಪ್ರಯೋಗ

ಕೇಳುಗರಿಗೆ ನಮಸ್ಕಾರ.

ಶಿರಸಿಯ ಕಡೆಯ ಅಡಿಕೆ ಬೆಳೆಗಾರರಿಗೆಂದು ಒಂದು ಇಂಗ್ಲಿಷ್ ಕರಪತ್ರವನ್ನು ಕನ್ನಡಕ್ಕೆ ತರುವ ಕೆಲಸ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದಿತ್ತು. ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣವನ್ನು, ಅಂದರೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ನೀರನ್ನು, ಬಳಸುವ ಕ್ರಮ ಅದರ ವಿಷಯ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ‘ಮುಂಗಾರಿನ ಆರಂಭಕ್ಕೆ ಮುನ್ನ ಗೊಂಚಲುಗಳ ಮೇಲೆ ದ್ರಾವಣವು ಸಿಂಪಡಿಸಲ್ಪಡಬೇಕು’ ಎಂದು ಬರೆದೆ. ಅಚ್ಚಾದ ಪ್ರತಿಯನ್ನು ನೆರೆತೋಟದ ಹಿರಿಯರೊಬ್ಬರಿಗೆ ಕೊಟ್ಟಾಗ, ಅವರು ಎರಡು ಸಲ ಓದಿ ಕೇಳಿದ್ದು ಒಂದೇ ಮಾತು: ‘ಎಲ್ಲಾ ಸರಿ ತಮಾ, ಹೊಡೆಯವು ಯಾರು?’ ಹೊಡೆಯಬೇಕಾದವರು ಯಾರು ಎಂದು ಅವರ ಪ್ರಶ್ನೆ.

ಮಾಡಿದವರನ್ನು ಹೇಳದೆ ಕೆಲಸವನ್ನಷ್ಟೇ ಹೇಳಬೇಕಾದಾಗ ಇಂಗ್ಲಿಷು ಸಾಮಾನ್ಯವಾಗಿ ಕರ್ಮಣಿ ಪ್ರಯೋಗದ ಮೊರೆ ಹೋಗುತ್ತದೆ, ಏಕೆಂದರೆ ಕರ್ತೃವಿನ ಜಾಗವನ್ನು ಖಾಲಿ ಬಿಡುವುದು ಆ ಭಾಷೆಗೆ ಒಗ್ಗುವುದಿಲ್ಲ. ಕನ್ನಡಕ್ಕೆ ಆ ಕಟ್ಟುಪಾಡಿಲ್ಲ. ‘ರಸ್ತೆ ಅಗೆದಿದ್ದಾರೆ’ ಎಂದರೆ ಸಾಕು. ಅಗೆದವರು ಯಾರೆಂದು ಹೇಳಿದಂತೆಯೂ ಆಗಲಿಲ್ಲ, ವಾಕ್ಯ ಕುಂಟಿದಂತೆಯೂ ಆಗಲಿಲ್ಲ. ‘ಮಳೆ ಹಿಡಿಯುವ ಮೊದಲು ಕೊನೆಗಳಿಗೆ ಔಷಧ ಹೊಡೆಯಬೇಕು’ ಎಂಬಲ್ಲಿಯೂ ಕರ್ತೃವಿಲ್ಲ. ಆದರೂ ಅದು ತನಗೇ ಹೇಳಿದ ಮಾತೆಂದು ಓದಿದವನಿಗೆ ತಿಳಿಯುತ್ತದೆ. ನಾನು ‘ಅಲ್ಪಡು’ ಸೇರಿಸಿದ್ದರಿಂದ ದ್ರಾವಣವೇ ಕರ್ತೃವಿನ ಮಣೆಯೇರಿ, ತೋಟದ ಯಜಮಾನ ಅಂಗಳದಲ್ಲೇ ಉಳಿದುಬಿಟ್ಟಿದ್ದ.

ಗೊಂಚಲು ಎಂಬುದೂ ತಪ್ಪೇ. ದ್ರಾಕ್ಷಿಗೆ ಗೊಂಚಲು, ಅಡಿಕೆಗೆ ಕೊನೆ. ಮರ ಹತ್ತಿ ಅದನ್ನು ಇಳಿಸುವವನಿಗೆ ಕೊನೆಗೌಡ ಎಂಬ ಹೆಸರಿರುವ ಊರಿನಲ್ಲಿ ಕುಳಿತು ನಾನು ಗೊಂಚಲು ಎಂದು ಬರೆದಿದ್ದೆ! ಅದಕ್ಕಿಂತ ದೊಡ್ಡ ಎಡವಟ್ಟು ರೋಗದ ಹೆಸರಿನಲ್ಲಿ ಆಗುವುದರಲ್ಲಿತ್ತು. ಇಂಗ್ಲಿಷಿನವರು ಇದನ್ನು ಫ್ರೂಟ್ ರಾಟ್ ಎನ್ನುತ್ತಾರೆ. ಅವರ ‘ಫ್ರೂಟ್’ ಎಳೆಯದನ್ನೂ ಬಲಿತದ್ದನ್ನೂ ಒಟ್ಟಿಗೆ ಹಿಡಿಯುತ್ತದೆ. ನಾವು ಕಾಯಿಯನ್ನು ಕಾಯಿ ಎಂದೂ ಹಣ್ಣನ್ನು ಹಣ್ಣು ಎಂದೂ ಬೇರೆಯಾಗಿಯೇ ಕಾಣುತ್ತೇವೆ. ಮಳೆಗಾಲದಲ್ಲಿ ಕೊಳೆತು ಉದುರುವುದು ಹಸಿರು ಕಾಯಿ. ‘ಹಣ್ಣು ಕೊಳೆಯುವ ರೋಗ’ ಎಂಬ ನನ್ನ ಮೊದಲ ಕರಡನ್ನು ನೆಚ್ಚಿ ಯಾರಾದರೂ ಅಡಿಕೆ ಹಣ್ಣಾಗುವವರೆಗೆ ಕಾದಿದ್ದರೆ, ಅಷ್ಟರಲ್ಲಿ ಕೊನೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ತೋಟದವರು ಕೊಳೆ ಎಂದು ಕರೆದು ಎಂದೋ ಮುಗಿಸಿದ್ದಾರೆ. ಆ ಹೆಸರಿನಲ್ಲಿ ಹಣ್ಣೂ ಇಲ್ಲ, ಕಾಯಿಯೂ ಇಲ್ಲ.

ನಮ್ಮ ವ್ಯಾಕರಣ ಇನ್ನೊಂದು ಭಾಷೆಯ ಅಳತೆಗೆ ಅಂಗಿ ಹೊಲಿಸಿಕೊಂಡದ್ದು ಇಂಗ್ಲಿಷಿನ ಕಾಲದಲ್ಲೇ ಮೊದಲೇನಲ್ಲ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ ಸಂಸ್ಕೃತದ ಏಳು ವಿಭಕ್ತಿಗಳ ಚೌಕಟ್ಟನ್ನೇ ಹಿಡಿದು, ಎಲ್ಲಿಂದ ಎಂಬುದನ್ನು ತಿಳಿಸುವ ಪಂಚಮಿಗೆ ‘ಅತ್ತಣಿಂ’ ಎಂಬುದನ್ನು ಹೇಳುತ್ತದೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಆ ಜಾಗದಲ್ಲಿ ‘ದೆಸೆಯಿಂದ’ ಕುಳಿತಿದೆ. ಮರದ ದೆಸೆಯಿಂದ ಅಡಿಕೆ ಉದುರಿತು ಎಂದವರನ್ನು ನಾನು ಕಂಡಿಲ್ಲ. ಮರದಿಂದ ಉದುರುವುದಕ್ಕೂ ಕತ್ತಿಯಿಂದ ಕೊಯ್ಯುವುದಕ್ಕೂ ನಮಗೆ ಒಂದೇ ‘ಇಂದ’ ಸಾಕಾಗಿದೆ. ಭವಿಷ್ಯತ್ ಕಾಲದ ಪಾಡೂ ಅಷ್ಟೇ: ಪುಸ್ತಕ ‘ಹೋಗುವೆನು’ ಎಂದು ಕಲಿಸುತ್ತದೆ, ಆದರೆ ನಾಳೆ ಕಾರವಾರಕ್ಕೆ ಹೊರಟವರು ‘ಹೋಗುತ್ತೇನೆ’ ಎನ್ನುತ್ತಾರೆ, ಮತ್ತು ಬಸ್ಸು ತಪ್ಪುವುದಿಲ್ಲ.

ಹಾಗೆಂದು ಹೊರಗಿನ ಪದವನ್ನೆಲ್ಲ ಅಟ್ಟಬೇಕೆಂದು ನನ್ನ ವಾದವಲ್ಲ. ಬೋರ್ಡೋ ಎಂಬುದು ಫ್ರಾನ್ಸಿನ ಒಂದು ಊರು. ಆ ಸೀಮೆಯ ದ್ರಾಕ್ಷಿ ತೋಟಗಳಿಂದ 1880ರ ದಶಕದಲ್ಲಿ ಬೆಳಕಿಗೆ ಬಂದ ಮಿಶ್ರಣಕ್ಕೆ ಅದರದೇ ಹೆಸರು ಅಂಟಿತು. ನಮ್ಮವರ ಬಾಯಿಗೆ ಅದು ಹೊಂದಿಕೊಂಡಿರುವಾಗ ಹೊಸ ಹೆಸರು ಟಂಕಿಸುವ ಹಟವೇಕೆ? ಶೇಕಡಾ 1ರ ದ್ರಾವಣವೆಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಈ ಸಾಲಿನಲ್ಲಿ ಕಿಲೋ, ಲೀಟರ್ ಎರಡೂ ಹೊರಗಿನಿಂದ ಬಂದವು. ಓದುವಾಗ ಯಾರ ನಾಲಿಗೆಯೂ ತಡವರಿಸುವುದಿಲ್ಲ.

ಕರಪತ್ರದ ಎರಡನೆಯ ಮುದ್ರಣದಲ್ಲಿ ಗೊಂಚಲು ಹೋಗಿ ಕೊನೆ ಬಂತು, ‘ಸಿಂಪಡಿಸಲ್ಪಡಬೇಕು’ ಹೋಗಿ ‘ಹೊಡೆಯಬೇಕು’ ಬಂತು. ಮೈಲುತುತ್ತದ ಜೊತೆಯಲ್ಲಿ ಮಾತ್ರ ಕಾಪರ್ ಸಲ್ಫೇಟ್ ಎಂಬುದನ್ನೂ ಉಳಿಸಿಕೊಂಡೆ, ಏಕೆಂದರೆ ಅಂಗಡಿಯಿಂದ ತರುವ ಚೀಲದ ಮೇಲೆ ಅಚ್ಚಾಗಿರುವುದು ಅದೇ.

ನಮಸ್ಕಾರ.