ಸಿಡಿ ಡ್ರೈವ್ ಆಗಿ ಬಂದ ವೈಫೈ ಡಾಂಗಲ್: ಬ್ರಹ್ಮಾವರದಲ್ಲಿ ಒಂದು ಮಳೆಯ ದಿನ

ನಮಸ್ಕಾರ. ಮಳೆ ಶಬ್ದ ಜೋರಾಗಿ ಕೇಳ್ತಾ ಇದೆ ಅಲ್ವಾ? ಅದನ್ನು ಎಡಿಟ್‌ನಲ್ಲಿ ತೆಗೆಯಲಿಲ್ಲ, ಇರಲಿ ಅಂತ ಬಿಟ್ಟೆ. ಜುಲೈ ತಿಂಗಳು, ಬ್ರಹ್ಮಾವರದ ಹತ್ತಿರ ನಮ್ಮ ದೊಡ್ಡಮ್ಮನ ಮನೆ, ಹಂಚಿನ ಮಾಡು. ಬೆಳಿಗ್ಗೆ ಮಂಗಳೂರಿನಿಂದ ಬಸ್ಸು ಹತ್ತಿದೆ, ಮುಲ್ಕಿ ದಾಟುವಾಗ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ.

ಬಂದ ಕೆಲಸ ಈ ಲ್ಯಾಪ್‌ಟಾಪ್. ದೊಡ್ಡಮ್ಮನ ಮಗಳದ್ದು, ಅವಳು ಈಗ ಸೆಕೆಂಡ್ ಪಿಯುಸಿ. ಹಳೇ ಮೆಷಿನ್, 4 ಜಿಬಿ ರ‍್ಯಾಮ್. ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಲಿನಕ್ಸ್ ಮಿಂಟ್ 21, ನಾನೇ ಹಾಕಿಕೊಟ್ಟಿದ್ದೆ, ಅಂದಿನಿಂದ ಚೆನ್ನಾಗಿಯೇ ಇತ್ತು. ಈ ಮಳೆಗಾಲದಲ್ಲಿ ಒಳಗಿನ ವೈಫೈ ಕಾರ್ಡ್ ಕೈಕೊಟ್ಟಿತು. ತಂಗಿ ಒಂದು ತಿಂಗಳಿನಿಂದ ಪಾಠದ ವಿಡಿಯೋಗಳನ್ನು ಪುಟ್ಟ ಫೋನಿನಲ್ಲೇ ನೋಡ್ತಾ ಇದ್ದಾಳೆ, ಅದು ನನಗೆ ಬೇಸರದ ವಿಷಯ. ಮೊನ್ನೆ ಆನ್‌ಲೈನ್‌ನಲ್ಲಿ 700 ರೂಪಾಯಿಗೆ ಒಂದು ಯುಎಸ್‌ಬಿ ವೈಫೈ ಡಾಂಗಲ್, ಅಂದರೆ ಹೊರಗಿನಿಂದ ಚುಚ್ಚುವ ಪುಟ್ಟ ವೈಫೈ ಕಡ್ಡಿ, ತರಿಸಿದಳು. ಚುಚ್ಚಿದರೆ ಎಂತದ್ದೂ ಇಲ್ಲ. ಫೋನ್ ಮಾಡಿ, "ಅಣ್ಣ, ಹಾಳಾದದ್ದೇ ಬಂದಿದೆ, ವಾಪಸ್ ಕಳಿಸ್ಲಾ?" ಅಂತ ಕೇಳಿದಳು. ಕಳಿಸಬೇಡ, ಭಾನುವಾರ ನಾನೇ ಬರ್ತೇನೆ ಅಂದೆ.

ಯಾಕೆ ಹಾಗೆ ಹೇಳಿದೆ ಅಂದರೆ, ಲಿನಕ್ಸ್‌ನಲ್ಲಿ ಡಾಂಗಲ್ ಸುಮ್ಮನೆ ಕೂತಿದೆ ಅಂದ ಮಾತ್ರಕ್ಕೆ ಅದು ಹಾಳಾಗಿದೆ ಅಂತ ಅಲ್ಲ. ಅದನ್ನು ಮೊದಲು ಮಾತಾಡಿಸಬೇಕು. ಪರದೆ ಮೇಲೆ ನೋಡಿ, ಟರ್ಮಿನಲ್, ಅಂದರೆ ಆದೇಶ ಟೈಪ್ ಮಾಡುವ ಕಿಟಕಿ, ತೆರೆದು ಎಲ್‌ಎಸ್‌ಯುಎಸ್‌ಬಿ ಅಂತ ಒಂದೇ ಪದ ಟೈಪ್ ಮಾಡಿದ್ದೇನೆ. ಲ್ಯಾಪ್‌ಟಾಪ್‌ಗೆ ಚುಚ್ಚಿರುವ ಯುಎಸ್‌ಬಿ ಸಾಮಾನು ಎಲ್ಲ ಸಾಲಾಗಿ ಬಂತು. ಈ ಸಾಲು ನಮ್ಮ ಡಾಂಗಲ್‌ದು: 0ಬಿಡಿಎ:1ಎ2ಬಿ. ಮೊದಲ ನಾಲ್ಕು ಅಕ್ಷರ ಚಿಪ್ ಕಂಪನಿಯ ಗುರುತು, ಇಲ್ಲಿ ರಿಯಲ್‌ಟೆಕ್. ಆಮೇಲಿನ ನಾಲ್ಕು, ಇದು ಯಾವ ಸಾಮಾನು ಅನ್ನುವುದು. ಡಬ್ಬದ ಮೇಲಿನ ಹೆಸರಿಗಿಂತ ಈ ಎಂಟು ಅಕ್ಷರ ಮುಖ್ಯ, ಯಾಕೆಂದರೆ ಒಂದೇ ಮಾಡೆಲ್ ಹೆಸರಿನಲ್ಲಿ ಒಳಗಿನ ಚಿಪ್ ಬದಲಾಗಿ ಬರುವುದುಂಟು, ಡ್ರೈವರ್, ಅಂದರೆ ಸಾಮಾನನ್ನು ನಡೆಸುವ ಸಾಫ್ಟ್‌ವೇರ್, ಬೇಕಾಗುವುದು ಚಿಪ್‌ಗೇ ಹೊರತು ಡಬ್ಬಕ್ಕೆ ಅಲ್ಲ.

ಈಗ ಆ 1ಎ2ಬಿ ನೋಡಿ. ಅದು ವೈಫೈ ಅಲ್ಲವೇ ಅಲ್ಲ, ಸಿಡಿ ಡ್ರೈವ್! ಈ ಥರದ ಡಾಂಗಲ್ ಒಳಗೆ ಒಂದು ಚಿಕ್ಕ ಮೆಮೊರಿ ಇರುತ್ತದೆ, ಅದರಲ್ಲಿ ವಿಂಡೋಸ್‌ನ ಡ್ರೈವರ್ ತುಂಬಿಟ್ಟಿರುತ್ತಾರೆ. ಚುಚ್ಚಿದ ಕೂಡಲೇ ಅದು ನಾನೊಂದು ಸಿಡಿ ಅಂತ ಪರಿಚಯ ಮಾಡಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಆ ಸಿಡಿಯಿಂದ ಡ್ರೈವರ್ ಹಾಕಿಕೊಂಡ ಮೇಲೆ ವೈಫೈ ಆಗಿ ಬದಲಾಗುತ್ತದೆ. ವಿಂಡೋಸ್ ಬಳಸುವವರಿಗೆ ಅನುಕೂಲ, ಒಪ್ಪುತ್ತೇನೆ. ನಮಗೆ ಆ ಸಿಡಿಯಿಂದ ಏನೂ ಉಪಯೋಗ ಇಲ್ಲ. ಹಾಗಾಗಿ ಫೈಲ್ ಮ್ಯಾನೇಜರ್‌ನಲ್ಲಿ ಕಾಣುವ ಆ ಸಿಡಿ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಎಜೆಕ್ಟ್ ಕೊಟ್ಟೆ. ಎರಡು ಸೆಕೆಂಡ್ ಬಿಟ್ಟು ಮತ್ತೆ ಎಲ್‌ಎಸ್‌ಯುಎಸ್‌ಬಿ. ನೋಡಿ, ಈಗ 0ಬಿಡಿಎ:ಸಿ811. ಚಿಪ್ ತನ್ನ ನಿಜವಾದ ಹೆಸರು ಹೇಳಿತು, 8811ಸಿಯು. ತಂಗಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡ್ತಾ ಇದ್ದಳು, ಅವಳ ಮುಖದ ಖುಷಿ ಈ ಶಾಟ್‌ನಲ್ಲಿ ಸ್ವಲ್ಪ ಸಿಕ್ಕಿದೆ.

ಆದರೆ ನೆಟ್‌ವರ್ಕ್ ಐಕಾನ್‌ನಲ್ಲಿ ವೈಫೈ ಇನ್ನೂ ಬಂದಿಲ್ಲ. ಮಿಂಟ್ 21 ಬಂದದ್ದು 2022ರಲ್ಲಿ, ಅದರ ಜೊತೆ ಬರುವ ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು, 5.15. ಈ ಚಿಪ್‌ನ ಯುಎಸ್‌ಬಿ ಡ್ರೈವರ್ ಅದರಲ್ಲಿ ಇಲ್ಲ. ಇದಕ್ಕೆ ಬೇಕಾದ ಆರ್‌ಟಿಡಬ್ಲ್ಯು88 ಅನ್ನುವ ಡ್ರೈವರ್‌ಗೆ ಯುಎಸ್‌ಬಿ ಬೆಂಬಲ ಸೇರಿದ್ದು ಕರ್ನಲ್ 6.2ರಲ್ಲಿ, ಅಂದರೆ 2023ರ ಫೆಬ್ರವರಿಯಲ್ಲಿ. ಇಲ್ಲಿ ಎರಡು ದಾರಿ ಉಂಟು. ಯಾರೋ ಬರೆದಿಟ್ಟ ಡ್ರೈವರ್ ಕೋಡ್ ಇಳಿಸಿಕೊಂಡು, ಡಿಕೆಎಂಎಸ್ ಅನ್ನುವ ಸಾಧನದ ಮೂಲಕ ನಾವೇ ಕಂಪೈಲ್ ಮಾಡುವುದು, ಅಂದರೆ ಆ ಕೋಡನ್ನು ಓಡುವ ರೂಪಕ್ಕೆ ತರುವುದು, ಒಂದು. ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಅದು ಮತ್ತೆ ಕಂಪೈಲ್ ಆಗಬೇಕು, ಹೊಸ ಕರ್ನಲ್‌ಗೆ ಆ ಕೋಡ್ ಹೊಂದದಿದ್ದರೆ ವೈಫೈ ಹೋಯಿತು, ಸಹಿ ಇಲ್ಲದ ಕೋಡನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರ್‌ಗೆ ಡಿಜಿಟಲ್ ಸಹಿ ಹಾಕುವ ಕೆಲಸ ಬೇರೆ. ನಾನು ಮಂಗಳೂರಿನಲ್ಲಿ ಇರುತ್ತೇನೆ, ಪರೀಕ್ಷೆಯ ಹಿಂದಿನ ರಾತ್ರಿ ತಂಗಿಯ ವೈಫೈ ನಿಂತರೆ ಯಾರು ನೋಡುವುದು? ಅದಕ್ಕೆ ನಾನು ಹಿಡಿದದ್ದು ಎರಡನೇ ದಾರಿ, ಕರ್ನಲನ್ನೇ ಹೊಸದು ಮಾಡುವುದು. ಅಪ್‌ಡೇಟ್ ಮ್ಯಾನೇಜರ್ ತೆರೆದು, ವ್ಯೂ ಮೆನುವಿನಲ್ಲಿ ಲಿನಕ್ಸ್ ಕರ್ನಲ್ಸ್ ಅಂತ ಇದೆ, ಅಲ್ಲಿ 6.8 ಆರಿಸಿ ಇನ್‌ಸ್ಟಾಲ್ ಒತ್ತಿದರೆ ಸಾಕು.

ಇಂಟರ್ನೆಟ್ಟೇ ಇಲ್ಲದೆ ಇಳಿಸುವುದು ಹೇಗೆ ಅಂತ ಕೇಳಬಹುದು. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಫೋನಿನ ಇಂಟರ್ನೆಟ್ಟನ್ನು ಕೇಬಲ್‌ನಲ್ಲೇ ಕೊಡುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಯಾವ ಡ್ರೈವರೂ ಬೇಡ, ಲಿನಕ್ಸ್ ತಕ್ಷಣ ಗುರುತಿಸುತ್ತದೆ. ಫೋನ್ ಮನೆಯ ವೈಫೈನಲ್ಲಿ ಇದ್ದರೆ ಹೆಚ್ಚಿನ ಫೋನ್‌ಗಳು ಅದನ್ನೇ ಲ್ಯಾಪ್‌ಟಾಪ್‌ಗೆ ಕೊಡುತ್ತವೆ, ಡೇಟಾ ಖಾಲಿ ಆಗುವುದಿಲ್ಲ. ಅರ್ಧ ಇಳಿದಿರುವಾಗ ಕರೆಂಟ್ ಹೋಯಿತು, ರೂಟರ್ ಆಫ್. ಫೋನ್ ತಾನಾಗಿಯೇ ಮೊಬೈಲ್ ಡೇಟಾಕ್ಕೆ ಹೋಯಿತು, ಬ್ಯಾಟರಿ ಹೇಗೋ ತಡೆಯಿತು. ಆ ಹೊತ್ತಿಗೆ ದೊಡ್ಡಮ್ಮ ಪತ್ರೊಡೆ ತಂದಿಟ್ಟು, "ಎಂತ ಮಗಾ, ಸರಿ ಆಗ್ತದಾ?" ಅಂತ ಕೇಳಿದರು. ಆಗ್ತದೆ ದೊಡ್ಡಮ್ಮ ಅಂದೆ, ನಿಜವಾಗಿ ನಂಬಿಕೆ ಇತ್ತು. ಹಳೇ ಕರ್ನಲ್ ಅಳಿಸಿ ಹೋಗುವುದಿಲ್ಲ, ಹೊಸದು ಹಿಡಿಸದಿದ್ದರೆ ಬೂಟ್ ಮೆನುವಿನಿಂದ ಹಳೆಯದಕ್ಕೆ ವಾಪಸ್ ಬರಬಹುದು.

ರೀಸ್ಟಾರ್ಟ್ ಆಯಿತು, ಮತ್ತೆ ಎಜೆಕ್ಟ್, ವೈಫೈ ಪಟ್ಟಿ ಬಂತು. ಪ್ರತಿ ಸಲ ಕೈಯಿಂದ ಎಜೆಕ್ಟ್ ಮಾಡುವುದು ತಂಗಿಗೆ ತಲೆನೋವು ಅಂತ ಯುಎಸ್‌ಬಿ ಮೋಡ್‌ಸ್ವಿಚ್ ಪ್ಯಾಕೇಜ್ ಹಾಕಿ, 1ಎ2ಬಿ ಕಂಡ ತಕ್ಷಣ ಅದನ್ನು ವೈಫೈ ಮಾಡು ಅಂತ ಯುಡೆವ್‌ನಲ್ಲಿ, ಅಂದರೆ ಚುಚ್ಚಿದ ಸಾಮಾನನ್ನು ನೋಡಿಕೊಳ್ಳುವ ಲಿನಕ್ಸ್ ಭಾಗದಲ್ಲಿ, ಒಂದು ಸಾಲಿನ ನಿಯಮ ಬರೆದೆ. ಆ ಸಾಲನ್ನು ಪರದೆ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿದ್ದೇನೆ, ಬರೆದುಕೊಳ್ಳಿ.

ಇನ್ನೊಂದು ತೊಂದರೆ ಮನೆಯದ್ದೇ. ರೂಟರ್ ಇರುವುದು ಚಾವಡಿಯಲ್ಲಿ, ತಂಗಿ ಓದುವುದು ಹಿಂದಿನ ಕೋಣೆಯಲ್ಲಿ, ಮಧ್ಯದಲ್ಲಿ ಎರಡು ಮುರಕಲ್ಲಿನ ದಪ್ಪ ಗೋಡೆ. 5 ಗಿಗಾಹರ್ಟ್ಸ್ ವೈಫೈ ಅಲ್ಲಿಗೆ ಮುಟ್ಟುವುದೇ ಇಲ್ಲ, 2.4 ಮುಟ್ಟುತ್ತದೆ ಆದರೆ ತಡವರಿಸುತ್ತಿತ್ತು. ಯುಎಸ್‌ಬಿ 3 ಪೋರ್ಟ್‌ನಲ್ಲಿ ಡೇಟಾ ಓಡುವಾಗ ಹುಟ್ಟುವ ಗದ್ದಲ ಇದೇ 2.4ರ ಸುತ್ತಲೂ ಬೀಳುತ್ತದೆ, ಡಾಂಗಲ್ ಅದರ ಪಕ್ಕದಲ್ಲೇ ಕೂತಿದ್ದರೆ ಸಿಗ್ನಲ್ ಹಾಳು. ನನ್ನ ಬ್ಯಾಗಿನಲ್ಲಿದ್ದ ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಬಾಗಿಲಿನ ಕಡೆಗೆ ದೂರ ಇಟ್ಟೆ. ಜೊತೆಗೆ ನೆಟ್‌ವರ್ಕ್ ಮ್ಯಾನೇಜರ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ವೈಫೈ ಪವರ್‌ಸೇವ್ 3 ಅಂತ ಇದ್ದದ್ದನ್ನು 2 ಮಾಡಿದೆ. 2 ಅಂದರೆ ಪವರ್ ಉಳಿಸುವುದು ಬೇಡ ಅಂತ ಅರ್ಥ. ಆಮೇಲೆ ವಿಡಿಯೋ ನಿಲ್ಲಲಿಲ್ಲ.

ಹೊಸದಾಗಿ ಕೊಳ್ಳುವವರು ಇದ್ದರೆ, ಮೊದಲೇ ಕರ್ನಲ್ ಒಳಗೆ ಡ್ರೈವರ್ ಇರುವ ಚಿಪ್ ಹುಡುಕಿ ತಗೊಳ್ಳಿ. ಉದಾಹರಣೆಗೆ ಮೀಡಿಯಾಟೆಕ್‌ನ 7601ಯು ಚಿಪ್‌ನ ಡ್ರೈವರ್ 2015ರ 4.2 ಕರ್ನಲ್‌ನಿಂದಲೂ ಇದೆ. ಅದು 2.4 ಗಿಗಾಹರ್ಟ್ಸ್ ಮಾತ್ರ, ನಮ್ಮ ಕಡೆಯ ಮುರಕಲ್ಲಿನ ಮನೆಗಳಿಗೆ ಅಷ್ಟು ಸಾಕಾಗಬಹುದು.

ಸಂಜೆ ಐದೂವರೆ. ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಮಾಡಿ ತಂಗಿಯ ಕೈಗೆ ಕೊಟ್ಟೆ, ನೀನೇ ಆನ್ ಮಾಡು, ನಾನು ಮುಟ್ಟುವುದಿಲ್ಲ ಅಂತ. ಆನ್ ಮಾಡಿದಳು, ಪಾಸ್‌ವರ್ಡ್ ಹೊಡೆದಳು, ವೈಫೈ ತಾನಾಗಿಯೇ ಕನೆಕ್ಟ್ ಆಯಿತು. "ಅಣ್ಣ, ಬಂತು" ಅಂದಳು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಇಳಿಸಲು ಆಗಲೇ ಕೂತಾಯ್ತು. ನಾನು ಕೊಡೆ ಹಿಡಿದು ಬಸ್‌ಸ್ಟ್ಯಾಂಡ್ ಕಡೆ ಹೊರಟೆ.