ಗನ್‌ಗೆ ಮರಳು ಹಾಕಬೇಡಿ, ಒಂದು ಸಲವೂ ಬೇಡ

ಮನೆಯ ಶೆಡ್ಡಿನಲ್ಲಿ ಚಾಕು ಮಾಡುವವರಿಗೆ ಇವತ್ತು ಮುಖ್ಯವಾಗಿ ಒಂದು ಮಾತು ಹೇಳಬೇಕು. ಅಲಗಿನ ಮೇಲ್ಮೈ ಉಜ್ಜಲು ಗಾಳಿಯ ಒತ್ತಡದಲ್ಲಿ ಸಣ್ಣ ಕಾಳು ಚಿಮ್ಮಿಸುವ ಬ್ಲಾಸ್ಟಿಂಗ್ ಗನ್‌ಗೆ ಮರಳು ತುಂಬಬೇಡಿ. ಮನೆ ಕಟ್ಟಿ ಉಳಿದ ಮರಳು ಮೂಲೆಯಲ್ಲಿ ಬಿದ್ದಿರುತ್ತದೆ, ಜರಡಿ ಹಿಡಿದು ಹಾಕಿದರಾಯಿತು, ಪುಕ್ಕಟೆ ಅಲ್ವಾ ಅನ್ನಿಸುತ್ತದೆ. ಬೇಡ.

ಮರಳಿನ ಕಾಳು ಉಕ್ಕಿಗೆ ಬಡಿದ ಕೂಡಲೇ ಒಡೆದು ಪುಡಿಯಾಗುತ್ತದೆ. ಮರಳೆಂದರೆ ಬಹುಪಾಲು ಸಿಲಿಕಾ ಎಂಬ ಖನಿಜ. ಆ ಸಿಲಿಕಾ ಪುಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದೇ ಅಪಾಯದ್ದು. ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ, ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವುದಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ಸಾವಿರಾರು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇತ್ತು. ಬ್ರಿಟನ್ನಿನಲ್ಲಂತೂ ಬ್ಲಾಸ್ಟಿಂಗ್‌ಗೆ ಮರಳು ಬಳಸಬಾರದು ಅಂತ 1949ರಲ್ಲೇ ನಿಯಮ ಮಾಡಿದರು. ಗಣಿಯವರು ಹೊಟ್ಟೆಪಾಡಿಗೆ ಕುಡಿದ ಧೂಳನ್ನು ನಾವು ಹವ್ಯಾಸಕ್ಕೆ ಅಂತ ಹಿತ್ತಲಲ್ಲಿ, ಬಟ್ಟೆ ಒಣಹಾಕುವ ತಂತಿಯ ಪಕ್ಕದಲ್ಲಿ ಎಬ್ಬಿಸುವುದೇ?

ಮರಳಿನ ಬದಲು ಗ್ಲಾಸ್ ಬೀಡ್, ಅಂದರೆ ಸಣ್ಣ ಗಾಜಿನ ಮಣಿ ತನ್ನಿ, ಇಲ್ಲವೇ 120 ಗ್ರಿಟ್ (ಕಾಳಿನ ಗಾತ್ರದ ಅಳತೆ) ಅಲ್ಯೂಮಿನಿಯಂ ಆಕ್ಸೈಡ್ ಪುಡಿ. ಬೀಡ್ ಹಾಕಿದರೆ ನಯವಾದ ಮಂದ ಹೊಳಪು, ಆಕ್ಸೈಡ್ ಹಾಕಿದರೆ ಕಡು ಬೂದು ಬಣ್ಣ. ಕ್ಯಾಬಿನೆಟ್ (ಧೂಳು ಹೊರಬರದಂತೆ ಮುಚ್ಚಿದ ಪೆಟ್ಟಿಗೆ) ಒಳಗೇ ಹೊಡೆದರೆ ಎರಡನ್ನೂ ಜರಡಿ ಹಿಡಿದು ಮತ್ತೆ ಮತ್ತೆ ಬಳಸಬಹುದು.

ಇನ್ನು ಗನ್‌ಗೆ ಗಾಳಿ ಒತ್ತಿ ಕೊಡುವ ಕಂಪ್ರೆಸರ್. ನಾನು ಮೊದಲು ಕ್ಯಾಬಿನೆಟ್ ತಂದು ಆಮೇಲೆ ಪರದಾಡಿದವನು. ನನ್ನ ಹತ್ತಿರ ಇದ್ದದ್ದು 1 ಎಚ್‌ಪಿ ಕಂಪ್ರೆಸರ್, ಅದು ಕೊಡುವುದು ಹೆಚ್ಚೆಂದರೆ 4 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 4 ಘನ ಅಡಿ ಗಾಳಿ. ಸಣ್ಣ ಗನ್‌ಗೂ 80 ಪಿಎಸ್‌ಐ ಒತ್ತಡದಲ್ಲಿ ಸುಮಾರು 10 ಸಿಎಫ್‌ಎಂ ಬೇಕು. ಟ್ರಿಗರ್ ಒತ್ತಿದರೆ ಮೊದಲು ಸೊಯ್ಯಂತ ಜೋರಾಗಿ ಬರುತ್ತಿತ್ತು, ಅರ್ಧ ನಿಮಿಷದೊಳಗೆ ಒತ್ತಡದ ಮೀಟರಿನ ಮುಳ್ಳು ಇಳಿದು ಗನ್ ಬರೀ ಉಸಿರು ಬಿಡುತ್ತಿತ್ತು. ಹಾಗಾಗಿ ದುಡ್ಡನ್ನು ಮೊದಲು ಗಾಳಿಗೆ ಹಾಕಿ, ಪೆಟ್ಟಿಗೆ ಆಮೇಲೆ.

ಮಳೆಗಾಲದಲ್ಲಿ ಇನ್ನೊಂದು ಕಾಟ. ಗಾಳಿಯ ಜೊತೆ ನೀರು ಬಂದು ಬೀಡ್ ಎಲ್ಲಾ ಒದ್ದೆ ಉಪ್ಪಿನ ಹಾಗೆ ಗಂಟು ಕಟ್ಟಿ ಪೈಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ಟ್ಯಾಂಕಿನ ನೀರು ದಿನಾ ಬಸಿಯಿರಿ. ಗಾಳಿಯಿಂದ ನೀರು ಬೇರೆ ಮಾಡುವ ವಾಟರ್ ಟ್ರ್ಯಾಪನ್ನು ಕಂಪ್ರೆಸರ್ ಬುಡದಲ್ಲಿ ಕೂರಿಸಬೇಡಿ, ಗಾಳಿ ತಣಿದ ಮೇಲೆಯೇ ನೀರು ಬಿಡುವುದು, ಅದಕ್ಕೆ ಗನ್ ಹತ್ತಿರ ಇರಲಿ. ಬ್ಲಾಸ್ಟ್ ಆದ ಉಕ್ಕಿನ ಒರಟು ಮೇಲ್ಮೈ ತೇವ ಹಿಡಿದುಕೊಂಡು ಬೇಗ ತುಕ್ಕು ಹಿಡಿಯುತ್ತದೆ. ಲಾರಿಯ ಕಮಾನ್ ಪಟ್ಟಿಯಲ್ಲಿ ಮಾಡಿದ ಒಂದು ಚಾಕುವನ್ನು ಎಣ್ಣೆ ಹಚ್ಚದೆ ರಾತ್ರಿ ಸುಮ್ನೆ ಬೆಂಚಿನ ಮೇಲೆ ಇಟ್ಟಿದ್ದೆ. ಬೆಳಿಗ್ಗೆ ಅಲಗಿನ ತುಂಬಾ ಕೆಂಪು ಚುಕ್ಕಿ, ಬರಿಗೈಯಲ್ಲಿ ಹಿಡಿದ ಕಡೆ ಹೆಬ್ಬೆರಳಿನ ಗುರುತು ಅಚ್ಚೊತ್ತಿದಂತಿತ್ತು.

ಮರಳು ಬಿಟ್ಟ ಮಾತ್ರಕ್ಕೆ ಧೂಳು ಹೋಯಿತು ಅಂತಲ್ಲ. ಮುಖಕ್ಕೆ ಕಟ್ಟಿದ ಟವೆಲ್ ಈ ಸಣ್ಣ ಧೂಳನ್ನು ತಡೆಯುವುದಿಲ್ಲ, ಕಡೇಪಕ್ಷ ಎನ್95 ಮಾಸ್ಕ್ ಇರಲಿ. ಕ್ಯಾಬಿನೆಟ್‌ಗೆ ವ್ಯಾಕ್ಯೂಮ್ ಜೋಡಿಸಿ, ಅದರ ಹೊರಗಾಳಿ ಶೆಡ್ಡಿನೊಳಗೆ ಬಿಡಬೇಡಿ, ಹಾಗೆಯೇ ಮನೆಯ ಕಿಟಕಿಯ ಕಡೆಗೂ ಬೇಡ. ಆಮೇಲೆ ರಾತ್ರಿ ಶೆಡ್ಡಿನ ಲೈಟ್ ಆರಿಸಿ, ಕ್ಯಾಬಿನೆಟ್ ಒಳಗೆ ಮಾತ್ರ ಬಲ್ಬ್ ಉರಿಸಿ ಸುತ್ತ ನೋಡಿ. ಬೆಳಕು ಸೋರುವ ಕಡೆ ಧೂಳೂ ಸೋರುತ್ತದೆ. ನನ್ನದರಲ್ಲಿ ಬಾಗಿಲಿನ ಕೆಳಗೆ ಕೂದಲೆಳೆಯಷ್ಟು ಬೆಳಕು ಕಂಡಿತ್ತು. ಹೊಸ ರಬ್ಬರ್ ಪಟ್ಟಿ ಅಂಟಿಸಿ, ಮತ್ತೆ ಲೈಟ್ ಆರಿಸಿ ನೋಡಿದ ಮೇಲೆಯೇ ಗನ್ ಮುಟ್ಟಿದೆ.