ಆಣೆ ಹಾಕಿಸ್ಕೋಬೇಡಿ, ಮೊದಲು ಗಾಯ ತೊಳೀರಿ

ನಮಸ್ಕಾರ. ಮಾತು ಶುರು ಮಾಡೋಕೆ ಮುಂಚೆ ಒಂದು ನಂಬರ್ ಬರ್ಕೊಳ್ಳಿ. 14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ತನ್ನ ಕೈಗೆ ತಾನೇ ಗಾಯ ಮಾಡ್ಕೊಳ್ಳೋ ಹುಡುಗೀರ ಬಗ್ಗೆ ಈ ಮಾತು. ಅಂಥ ಹುಡುಗಿ ನೀನೇ ಆಗಿದ್ದು, ಇದನ್ನ ಕೇಳ್ತಾ ಈ ಹೊತ್ತು ತಡ್ಕೊಳ್ಳೋಕೆ ಆಗ್ತಿಲ್ಲ ಅಂದ್ರೆ, ನಮ್ಮ ಮಾತನ್ನ ಇಲ್ಲೇ ನಿಲ್ಸಿ ಅಲ್ಲಿಗೆ ಫೋನ್ ಮಾಡು. ಉಳಿದಿದ್ದು ನಾಳೆ ಕೇಳಿದ್ರೂ ಏನೂ ಹೋಗಲ್ಲ.

ಈಗ ಮಿಕ್ಕವರಿಗೆ. ಅಪ್ಪ, ಅವ್ವ, ಅಜ್ಜಿ, ಚಿಕ್ಕಮ್ಮ, ಸ್ಕೂಲಿನ ಮೇಡಂ, ನಿಮ್ಮೆಲ್ಲರ ಜೊತೆ ನಮ್ಮದು ಒಂದೇ ತಕರಾರು. ಆಣೆ.

ಮಂಡ್ಯದ ಹಳ್ಳಿ ಮನೆ ಆಗ್ಲಿ, ಮೈಸೂರಿನ ಕುವೆಂಪುನಗರ ಆಗ್ಲಿ, ಹದಿನೈದು ಹದಿನಾರರ ಮಗಳು ತನ್ನ ಕೈಗೆ ತಾನೇ ಗಾಯ ಮಾಡ್ಕೊಂಡಿದ್ದಾಳೆ ಅಂತ ಗೊತ್ತಾದ ತಕ್ಷಣ ಆಗೋದು ಹೆಚ್ಚುಕಮ್ಮಿ ಒಂದೇ ಥರ. ಮೊದಲು ಕಿರುಚಾಟ, ಆಮೇಲೆ ಅಳು, ಆಮೇಲೆ ದೇವರ ಮನೆ. "ನನ್ ತಲೆ ಮೇಲೆ ಕೈ ಇಟ್ಟು ಹೇಳು, ಇನ್ನೊಂದ್ಸಲ ಮಾಡಲ್ಲ ಅಂತ." "ಚಾಮುಂಡಿ ಮೇಲೆ ಆಣೆ ಮಾಡು." ಹುಡುಗಿ ಮಾಡ್ತಾಳೆ. ಎದುರಿಗೆ ಅವ್ವ ಎದೆ ಬಡ್ಕೊಂಡು ಅಳ್ತಿರೋವಾಗ ಯಾವ ಮಗು ಮಾಡಲ್ಲ ಅನ್ನುತ್ತೆ? ಮನೆಯವರಿಗೆ ಉಸಿರು ಬರುತ್ತೆ. ಮುಗೀತು ಅನ್ಕೋತಾರೆ.

ಆದ್ರೆ ಆಣೆ ಮಾಡಿದ್ದು ಬಾಯಿ. ಒಳಗಿನ ಸಂಕಟಕ್ಕೆ ಆಣೆ ಗೀಣೆ ಗೊತ್ತಿಲ್ಲ. ಒಂದು ವಾರಕ್ಕೋ ಹದಿನೈದು ದಿನಕ್ಕೋ ಅದು ಮತ್ತೆ ಬರುತ್ತೆ, ಅವಳು ಮತ್ತೆ ಸೋಲ್ತಾಳೆ. ಮೊದಲು ಅವಳ ಹತ್ರ ಇದ್ದಿದ್ದು ಗಾಯ ಒಂದೇ. ಈಗ ಗಾಯದ ಜೊತೆಗೆ ಆಣೆ ಮುರಿದ ಪಾಪ. ನಾಲ್ಕು ದಿನ ಬಿಟ್ಟು ಅವ್ವನಿಗೆ ಜ್ವರ ಬಂದ್ರೆ, "ನನ್ನಿಂದಾನೇ" ಅಂತ ಅವಳಿಗೆ ಖಾತ್ರಿ ಆಗೋಗುತ್ತೆ. ಅಪ್ಪನನ್ನ ಕಳ್ಕೊಂಡಿರೋ ಹುಡುಗಿ ಆಗಿದ್ರಂತೂ ಕೇಳ್ಲೇಬೇಡಿ. ಅಂಥ ಮಕ್ಕಳಲ್ಲಿ ಸುಮಾರು ಜನ, ಅಪ್ಪ ಹೋಗಿದ್ದೇ ತಮ್ಮಿಂದ ಅಂತ ಒಳಗೊಳಗೇ ನಂಬಿರ್ತಾರೆ. "ಆವತ್ತು ನಾನು ಜಗಳ ಆಡ್ದೇ ಇದ್ದಿದ್ರೆ", "ನಾನು ಫೋನ್ ಎತ್ತಿದ್ರೆ". ಅದೇ ಹುಣ್ಣಿನ ಮೇಲೆ ನೀವು ಹೋಗಿ ಕೂರ್ತೀರಿ. ಮುಂದಿನ ಸಲ ಅವಳು ನಿಮ್ಮ ಹತ್ರ ಬರಲ್ಲ, ಯಾರಿಗೂ ಕಾಣದ ಹಾಗೆ ಮಾಡ್ಕೋತಾಳೆ. ಆಣೆಯಿಂದ ನಿಂತಿದ್ದು ಗಾಯ ಅಲ್ಲ, ಅದರ ಸುದ್ದಿ.

ಇದು ನಮ್ಮ ಊರಿನವರದ್ದೇ ತಪ್ಪು ಅಂತೇನಿಲ್ಲ. ಹೊರದೇಶದ ಆಸ್ಪತ್ರೆಗಳಲ್ಲೂ "ನಾನು ನನ್ನ ಜೀವಕ್ಕೆ ಏನೂ ಮಾಡ್ಕೊಳ್ಳಲ್ಲ" ಅಂತ ಕಾಗದದ ಮೇಲೆ ಸಹಿ ಹಾಕಿಸ್ಕೊಳ್ಳೋ ರೂಢಿ ಬಹಳ ಕಾಲ ಇತ್ತು. ಅದರಿಂದ ಜೀವ ಉಳಿಯುತ್ತೆ ಅನ್ನೋದಕ್ಕೆ ಪುರಾವೆ ಸಿಗಲಿಲ್ಲ. ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ಅನ್ನೋ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಅದರ ಜಾಗಕ್ಕೆ ಬೇರೆ ಕಾಗದ ತಂದ್ರು. "ಮಾಡಲ್ಲ" ಅಂತ ಬರೆಯೋ ಬದಲು, "ಮಾಡ್ಬೇಕು ಅನ್ಸಿದಾಗ ಏನೇನು ಮಾಡ್ತೀನಿ" ಅಂತ ಬರೆಯೋ ಕಾಗದ. ಅದಕ್ಕೆ ಆಮೇಲೆ ಬರ್ತೀವಿ.

ಮೊದಲು ಗಾಯ. ಕಂಡ ತಕ್ಷಣ ಬಾಯಿ ಮುಚ್ಕೊಂಡು ನಲ್ಲಿ ಬಿಡಿ. ಹರಿಯೋ ನೀರಲ್ಲಿ ತೊಳೀರಿ. ಒಗೆದಿರೋ ಬಟ್ಟೆ ಇಟ್ಟು 10 ನಿಮಿಷ ಒತ್ತಿ ಹಿಡೀರಿ. ನಿಂತಿತಾ ಅಂತ ನಿಮಿಷಕ್ಕೊಂದ್ಸಲ ಎತ್ತಿ ನೋಡ್ಬೇಡಿ, ಎತ್ತಿದಾಗೆಲ್ಲ ಹೆಪ್ಪುಗಟ್ಟಿದ್ದು ಕಿತ್ತೋಗುತ್ತೆ. ಕಾಫಿಪುಡಿ ಬೇಡ, ಸುಣ್ಣ ಬೇಡ, ಅರಿಶಿನನೂ ಬೇಡ. ಆಮೇಲೆ ಡಾಕ್ಟರು ಅದನ್ನೆಲ್ಲ ಕೆರೆದು ತೆಗೀಬೇಕಾಗುತ್ತೆ, ಕೀವೂ ಆಗ್ಬಹುದು. ಚರ್ಮ ಬಾಯಿ ಬಿಟ್ಟಿದ್ರೆ, ಒತ್ತಿ ಹಿಡಿದ್ರೂ ರಕ್ತ ನಿಲ್ದೇ ಇದ್ರೆ, ಬೆರಳು ಜೋಮು ಹಿಡಿದಿದ್ರೆ ಅವತ್ತೇ ಆಸ್ಪತ್ರೆ, ಬೆಳಗಾಗ್ಲಿ ಅಂತ ಕಾಯ್ಬೇಡಿ. ಟಿಟಿ, ಅಂದ್ರೆ ಧನುರ್ವಾಯು ಇಂಜೆಕ್ಷನ್, ಯಾವಾಗ ಹಾಕ್ಸಿದ್ದು ಅಂತ ಕೇಳ್ತಾರೆ, ನೆನಪು ಮಾಡ್ಕೊಂಡಿರಿ. ಏನಾದ್ರೂ ನುಂಗಿದ್ದಾಳೆ ಅನ್ನೋ ಅನುಮಾನ ಇದ್ರೆ, ಉಪ್ಪುನೀರು ಕುಡಿಸಿ ವಾಂತಿ ಮಾಡ್ಸೋಕೆ ಹೋಗ್ಬೇಡಿ. 108ಕ್ಕೆ ಫೋನ್ ಮಾಡಿ, ಅದರ ಡಬ್ಬಿ ಅಥವಾ ಚೀಟಿ ಜೊತೇಲೇ ತಗೊಂಡು ಹೋಗಿ.

ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಮನೇಲೇ ಇಟ್ಕೊಳ್ಳೋರು ಇನ್ನೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು, ಪ್ರಾಣ ಕಳ್ಕೊಳ್ಳೋಕೆ ಹೋದವರನ್ನ ತೀವ್ರ ಒತ್ತಡದಲ್ಲಿದ್ದೋರು ಅಂತ್ಲೇ ನೋಡ್ಬೇಕು, ಶಿಕ್ಷೆ ಕೊಡೋ ಹಾಗಿಲ್ಲ ಅನ್ನುತ್ತೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಪ್ರಾಣ ಕಳ್ಕೊಳ್ಳೋಕೆ ಹೋಗೋದನ್ನ ಅಪರಾಧ ಅಂತಿದ್ದ ಹಳೇ ದಂಡ ಸಂಹಿತೆಯ 309ನೇ ಕಲಮನ್ನ ಕೈಬಿಟ್ಟಿದ್ದಾರೆ. ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಅಂತ ಬರೆದ್ರೆ ಗಾಬರಿ ಬೀಳ್ಬೇಡಿ. ಅದು ದಾಖಲೆ, ನಿಮ್ಮ ಮಗಳ ಮೇಲೆ ಕೇಸ್ ಅಲ್ಲ.

ಗಾಯಕ್ಕೆ ಪಟ್ಟಿ ಕಟ್ಟಾದ ಮೇಲೆ ಒಂದು ಪ್ರಶ್ನೆ, ನೇರವಾಗಿ: "ಸಾಯ್ಬೇಕು ಅಂತ ಅನ್ಸುತ್ತಾ, ಮಗಳೇ?" ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕ್ದಂಗೆ ಆಗುತ್ತೆ ಅನ್ನೋ ಭಯ ಸುಳ್ಳು. ಸುಮಾರು ಹುಡುಗೀರು ಗಾಯ ಮಾಡ್ಕೊಳ್ಳೋದು ಸಾಯೋಕಲ್ಲ, ತಲೆ ಒಳಗಿನ ಗಲಾಟೆ ಐದು ನಿಮಿಷ ನಿಲ್ಲಲಿ ಅಂತ. ಹೌದು, ಒಂದು ಗಳಿಗೆ ನಿಲ್ಲುತ್ತೆ. ಆಮೇಲೆ ನಾಚಿಕೆ, ನಾಚಿಕೆಯಿಂದ ಮತ್ತೆ ಸಂಕಟ, ಸಂಕಟದಿಂದ ಮತ್ತೆ ಗಾಯ. ಗಾಣದ ಎತ್ತಿನ ಸುತ್ತು. ಹಾಗಂತ "ಸಾಯೋಕಲ್ವಲ್ಲ" ಅಂತ ಹಗುರ ಮಾಡ್ಬೇಡಿ, ಹೀಗೆ ಗಾಯ ಮಾಡ್ಕೊಳ್ಳೋರಿಗೆ ಮುಂದೆ ಜೀವದ ಅಪಾಯ ಬೇರೆಯವರಿಗಿಂತ ಹೆಚ್ಚು. ಅವಳು "ಹೂಂ, ಅನ್ಸುತ್ತೆ" ಅಂದ್ರೆ, ಅದರಲ್ಲೂ ಹೇಗೆ, ಯಾವಾಗ ಅಂತ ಯೋಚನೆ ಮಾಡಿದ್ರೆ, ಆ ರಾತ್ರಿ ಒಬ್ಬಳನ್ನೇ ಬಿಡ್ಬೇಡಿ. ಸೀದಾ ಆಸ್ಪತ್ರೆಗೆ ನಡೀರಿ.

"ಎಲ್ಲ ನಾಟ್ಕ, ಎಲ್ರೂ ತನ್ನ ನೋಡ್ಲಿ ಅಂತ." ಈ ಮಾತು ಹೇಳೋ ದೊಡ್ಡಪ್ಪ ಪ್ರತಿ ಮನೇಲೂ ಒಬ್ರು ಇರ್ತಾರೆ. ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ತುಂಬುತೋಳಿನ ಅಂಗಿ ಹಾಕ್ಕೊಂಡು ಬೆವರ್ತಾ ಕೂತಿರೋಳು ನೋಡ್ಲಿ ಅಂತ ಮಾಡ್ತಿದ್ದಾಳಾ, ದೊಡ್ಡಪ್ಪಾ?

ಈಗ ಕಾಗದ. ಅದು ಅವಳ ಕೈಬರಹದಲ್ಲೇ, ಅವಳ ಮಾತಲ್ಲೇ ಇರ್ಬೇಕು. ನೀವು ಬರ್ಕೊಟ್ರೆ ಅದೂ ಆಣೆಯೇ. ಸಂಕಟ ಏರೋದು ಅವಳಿಗೆ ಹೇಗೆ ಗೊತ್ತಾಗುತ್ತೆ ಅನ್ನೋದು ಮೊದಲು: ಊಟ ಸೇರಲ್ಲ, ಬಚ್ಚಲಲ್ಲಿ ಅರ್ಧ ಗಂಟೆ, ಫೋನಲ್ಲಿ ಅಪ್ಪನ ಹಳೇ ಮೆಸೇಜು ಪದೇ ಪದೇ. ಎರಡನೇದು, ಯಾರ ಸಹಾಯವೂ ಇಲ್ದೆ ಅವಳೇ ಮಾಡೋಕೆ ಆಗೋದು. ಈ ಸಂಕಟ ಅಲೆ ಥರ, ಏರುತ್ತೆ, ತುದಿ ಮುಟ್ಟುತ್ತೆ, ಇಳಿಯುತ್ತೆ. ಸಾಮಾನ್ಯವಾಗಿ ಅರ್ಧ ಗಂಟೆ ಒಳಗೆ ಜೋರು ಕಮ್ಮಿಯಾಗುತ್ತೆ. ಅಲ್ಲೀವರೆಗೆ ದಾಟ್ಸಿದ್ರೆ ಸಾಕು. ತಣ್ಣೀರಿನ ಬೋಗುಣಿಯಲ್ಲಿ ಉಸಿರು ಹಿಡಿದು 20-30 ಸೆಕೆಂಡ್ ಮುಖ ಇಡೋದು, ಹೃದಯದ ತೊಂದರೆ ಇರೋರು ಇದನ್ನ ಮಾಡ್ಬಾರ್ದು. ನಾಲ್ಕು ಎಣಿಸೋವರೆಗೆ ಉಸಿರು ಒಳಗೆ, ಆರು ಎಣಿಸೋವರೆಗೆ ಹೊರಗೆ, ಹೊರಗೆ ಬಿಡೋದು ಉದ್ದ ಇರ್ಲೇಬೇಕು. ಮೈ ದಣಿಯೋ ಕೆಲ್ಸ ಇದಕ್ಕಿಂತ ಒಳ್ಳೇದು. ಹಿತ್ತಲಲ್ಲಿ ಒಗೆಯೋ ಕಲ್ಲಿದ್ರೆ ಒಂದು ದಪ್ಪ ಬೆಡ್‌ಶೀಟ್ ನೆನೆಸಿ, ಎತ್ತೆತ್ತಿ ಬಡೀಲಿ. ಯಾವ ಪುಸ್ತಕದಲ್ಲೂ ಒಗೆಯೋ ಕಲ್ಲಿನ ಮಾತಿಲ್ಲ, ಆದ್ರೆ ಎರಡೂ ತೋಳಿಗೆ ಕೆಲ್ಸ ಕೊಟ್ಟು ಸದ್ದೂ ಮಾಡೋ ಉಪಾಯ ನಮ್ಮ ಮನೆಗಳಲ್ಲಿ ಅದಕ್ಕಿಂತ ಬೇರೆ ಇಲ್ಲ. ಕೈಗೆ ರಬ್ಬರ್ ಬ್ಯಾಂಡ್ ಹಾಕ್ಕೊಂಡು ಎಳೆದು ಬಿಡೋದನ್ನ ಕೆಲವರು ಹೇಳ್ಕೊಡ್ತಾರೆ. ನಾವು ಒಪ್ಪಲ್ಲ. ನೋವಿಗೆ ನೋವೇ ಮದ್ದು ಅಂತ ಮತ್ತೆ ಅದೇ ಪಾಠ ಆಯ್ತಲ್ಲ.

ಆಮೇಲೆ ಜನ. ಸುಮ್ನೆ ಹೋಗಿ ಕೂರೋಕೆ ಆಗೋ ಮನೆ ಯಾವುದು, ಬಾಯಿಬಿಟ್ಟು "ನನಗೆ ಹಿಂಗಾಗ್ತಿದೆ" ಅನ್ನೋಕೆ ಆಗೋ ದೊಡ್ಡವರು ಯಾರು. ಇವೆರಡೂ ಬೇರೆ ಬೇರೆ. ಎದುರು ಮನೆ ಗೆಳತಿ ಮೊದಲನೇದಕ್ಕೆ ಸರಿ, ಎರಡನೇದಕ್ಕೆ ಅಲ್ಲ. ಹದಿನಾರರ ಇನ್ನೊಂದು ಹುಡುಗಿ ಮೇಲೆ ಆ ಭಾರ ಹಾಕ್ಬೇಡಿ. ಅದರ ಕೆಳಗೆ ಡಾಕ್ಟರ ನಂಬರ್, 14416, ಮಕ್ಕಳ ಸಹಾಯವಾಣಿ 1098.

ಕೊನೇ ಸಾಲು ಅವಳದ್ದಲ್ಲ, ನಿಮ್ಮದು. ಮನೇಲಿರೋ ಮಾತ್ರೆಗಳು, ಗದ್ದೆಗೆ ಹೊಡೆಯೋ ಔಷಧಿ, ಅವಳು ಬಳಸ್ತಿದ್ದ ವಸ್ತು ಇದೆಲ್ಲ ಬೀಗದೊಳಗೆ, ಬೀಗದ ಕೈ ದೊಡ್ಡವರ ಸೊಂಟದಲ್ಲಿ. ಕಬ್ಬು ಭತ್ತ ಬೆಳೆಯೋ ಮನೆಗಳಲ್ಲಿ ಔಷಧಿ ಡಬ್ಬ ಅಟ್ಟದ ಮೇಲೋ ಹಟ್ಟಿ ಮೂಲೇಲೋ ಬಿದ್ದಿರುತ್ತೆ. ಮಗಳ ಮೇಲೆ ನಂಬಿಕೆ ಇಲ್ಲ ಅಂತ ಹೀಗೆ ಮಾಡೋದಲ್ಲ. ಅಲೆ ಇಳಿಯೋವರೆಗೆ ಕೈಗೆ ಏನೂ ಸಿಗ್ಬಾರ್ದು, ಅಷ್ಟೇ. ಅದನ್ನ ಅವಳಿಗೆ ಹೇಳಿಯೇ ಮಾಡಿ. ಕದ್ದು ಬ್ಯಾಗ್ ಜಾಲಾಡೋದು ಬೇಡ.

ದುಃಖದ ವಿಷಯಕ್ಕೆ ಬರೋಣ, ಇದನ್ನೇ ನಾವು ಅವಸರದಲ್ಲಿ ಮುಗಿಸೋದು. ಮಂಡ್ಯಕ್ಕೆ ಗುಂಪಲ್ಲಿ ಅಳೋದು ಚೆನ್ನಾಗಿ ಗೊತ್ತು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದ್ರು, ಅದರಲ್ಲಿ ಸ್ಕೂಲು ಮಕ್ಕಳೂ ಇದ್ರು. ಅದೇ ದಿನ ರಾತ್ರಿ ಅಂಬರೀಶ್ ತೀರ್ಕೊಂಡ್ರು. ಜಿಲ್ಲೆಗೆ ಜಿಲ್ಲೆಯೇ ಅತ್ತಿತು. ಆದ್ರೆ ಒಂದು ಮನೆಯೊಳಗಿನ ಸಾವಿಗೆ ನಾವು ಕೊಡೋದು ತಿಥಿವರೆಗಿನ ದಿನ ಮಾತ್ರ. ಅದು ಆಗ್ತಿದ್ದಂಗೇ ಬಂದ ನೆಂಟರೆಲ್ಲ ಬಸ್ ಹತ್ತೋ ಮುಂಚೆ ದೊಡ್ಡ ಮಗಳ ತಲೆ ಸವರಿ ಹೇಳಿ ಹೋಗ್ತಾರೆ: "ನೀನೇ ಧೈರ್ಯ ತಂದ್ಕೋಬೇಕು ಕಣವ್ವ, ನೀನೇ ಅತ್ರೆ ನಿಮ್ಮವ್ವನ್ನ ನೋಡೋರ್ಯಾರು?" ಆ ಮಾತನ್ನ ಅವಳು ಆಜ್ಞೆ ಅಂತ ತಗೋತಾಳೆ. ಅಳೋಕೆ ಜಾಗ ಇಲ್ಲದ ದುಃಖ ಬೇರೆ ದಾರಿ ಹುಡುಕುತ್ತೆ.

ಒಂದು ಕ್ಯಾಲೆಂಡರ್ ತಗೊಂಡು ಗುರುತು ಹಾಕಿ. ಅಪ್ಪ ತೀರ್ಕೊಂಡ ದಿನ, ಅಪ್ಪನ ಹುಟ್ಟಿದ ದಿನ, ಅವಳದ್ದು, ಎಸ್ಸೆಸ್ಸೆಲ್ಸಿ ಫಲಿತಾಂಶ, ಮಹಾಲಯ ಅಮಾವಾಸ್ಯೆ. ಮೈಸೂರು ಕಡೆಗೆ ಈ ಕೊನೇದು ತುಂಬ ಕ್ರೂರ. ಇವತ್ತು ಹಿರಿಯರಿಗೆ ಎಡೆ, ನಾಳೆಯಿಂದ ದಸರಾ. ಊರೆಲ್ಲ ದೀಪ, ಅವಳ ಎದೇಲಿ ಕತ್ತಲು, ಫೋನ್ ತೆಗೆದ್ರೆ ಗೆಳತಿಯರ ಸೆಲ್ಫಿ. ಗುರುತು ಹಾಕಿದ ದಿನಗಳ ಹಿಂದಿನ ವಾರ, ಮುಂದಿನ ವಾರ ಹುಷಾರಾಗಿರಿ. ಎಡೆ ಇಡೋವಾಗ "ಹೆಣ್ಣುಮಗು, ನೀನು ಆ ಕಡೆ ಇರು" ಅನ್ನೋದು ಬಿಟ್ಟು, ಅಪ್ಪನಿಗೆ ಇಷ್ಟ ಆಗಿದ್ದು ಏನು ಮಾಡೋಣ ಅಂತ ಅವಳನ್ನೇ ಕೇಳಿ, ಅವಳ ಕೈಯಲ್ಲೇ ಬಡಿಸಿ.

ಆಘಾತದ ಕಥೆ ಬೇರೆ. ಅಪಘಾತ ಕಣ್ಣಾರೆ ಕಂಡಿರೋಳು ನಾಲೆ ಏರಿ ರಸ್ತೆ ಬಂದ ತಕ್ಷಣ ಬೆವರಿ ನಡುಗಿದ್ರೆ "ಏನಾಗಲ್ಲ, ಕೂತ್ಕೋ" ಅಂತ ಬಸ್ಸಿಗೆ ತಳ್ಬೇಡಿ. ಬಂದ ನೆಂಟರಿಗೆಲ್ಲ "ಆವತ್ತು ಏನಾಯ್ತು ಹೇಳು" ಅಂತ ಹೇಳಿಸ್ಲೂ ಬೇಡಿ. ಚಿಕಿತ್ಸೆಯಲ್ಲಿ ಅದಕ್ಕೊಂದು ಕ್ರಮ ಇದೆ. ಮೊದಲು ಮೈ ಮನಸ್ಸು ಸುಧಾರಿಸ್ಕೊಳ್ಳೋದು ಕಲಿಸ್ತಾರೆ, ಆಮೇಲೆ ಸ್ವಲ್ಪ ಸ್ವಲ್ಪ ಆ ದಿನದ ಹತ್ರ ಕರ್ಕೊಂಡು ಹೋಗ್ತಾರೆ. ಮಕ್ಕಳಿಗೆ ಮಾಡೋ ಈ ಥರದ ಚಿಕಿತ್ಸೆಗೆ ಸಾಮಾನ್ಯವಾಗಿ 12ರಿಂದ 16 ಭೇಟಿ, ಪೋಷಕರೂ ಕೂರ್ಬೇಕು. ಮೂರನೇ ಭೇಟಿಗೇ "ಏನೂ ಪ್ರಯೋಜನ ಇಲ್ಲ" ಅಂತ ಬಿಡೋದೇ ಇಲ್ಲಿ ದೊಡ್ಡ ತಪ್ಪು. ಆಘಾತ ಲೈಂಗಿಕ ದೌರ್ಜನ್ಯದ್ದಾದ್ರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸ್ಲೇಬೇಕು. ಪಂಚಾಯ್ತಿ ಕಟ್ಟೇಲಿ ಮುಗಿಸೋ ವಿಷಯ ಅಲ್ಲ ಅದು.

ಎಲ್ಲಿಗೆ ಹೋಗೋದು? ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ), ಎರಡರಲ್ಲೂ ಮನೋವೈದ್ಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರ್ತಾರೆ, ಹೋಗೋ ಮುಂಚೆ ವಿಚಾರಿಸ್ಕೊಳ್ಳಿ. ಖಾಸಗಿಯಾಗಿ ಸೈಕಾಲಜಿಸ್ಟ್ ಹತ್ರ ಹೋಗೋದಾದ್ರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯಾ ಅಂತ ಕೇಳಿ, ಕೇಳೋದು ಮರ್ಯಾದೆಗೇಡಲ್ಲ. ಒಳಗೆ ಹೋದಾಗ ಅವಳ ಪರವಾಗಿ ನೀವೇ ಉತ್ತರ ಕೊಡ್ತಾ ಕೂರ್ಬೇಡಿ, ಅರ್ಧ ಹೊತ್ತು ಆಚೆ ಬನ್ನಿ. ತಾಯತ ಕಟ್ಟಿಸ್ಬೇಕಾ, ಕಟ್ಟಿಸಿ. ಆದ್ರೆ ಕಟ್ಟಿಸ್ಕೊಂಡು ಆಸ್ಪತ್ರೆಗೂ ಬನ್ನಿ. ಮಾತ್ರೆ ಬರೆದ್ರೆ ಗುಣ ಕಾಣೋಕೆ 4ರಿಂದ 6 ವಾರ ಬೇಕು. ಮೊದಲ ಕೆಲವು ವಾರ ಚಡಪಡಿಕೆ ಜಾಸ್ತಿ ಆದ್ರೆ ತಕ್ಷಣ ಡಾಕ್ಟರಿಗೆ ಹೇಳಿ, ನೀವೇ ನಿಲ್ಸ್ಬೇಡಿ.

ಹೀಗೆ ಗಾಯ ಮಾಡ್ಕೊಳ್ಳೋರಿಗೆ ಅಂತಲೇ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಅನ್ನೋ ಮಾತಿನ ಚಿಕಿತ್ಸೆ ಕಟ್ಟಿದವರು ಅಮೆರಿಕದ ಮಾರ್ಷಾ ಲೈನ್‌ಹ್ಯಾನ್. ಹರೆಯದಲ್ಲಿ ತಾನೂ ಹೀಗೇ ಮಾಡ್ಕೋತಿದ್ದೆ, ಆಸ್ಪತ್ರೇಲಿ ಇದ್ದೆ ಅಂತ ಅವರು 2011ರಲ್ಲಿ ಬಹಿರಂಗವಾಗಿ ಹೇಳಿದ್ರು.

ಕೊನೇದಾಗಿ, ಮತ್ತೆ ಆಗುತ್ತೆ. ಒಂದೂವರೆ ತಿಂಗಳು ಚೆನ್ನಾಗಿದ್ದು ಒಂದಿನ ಮತ್ತೆ ಗಾಯ. "47 ದಿನ ಆಗಿತ್ತು, ಎಲ್ಲ ಹಾಳಾಯ್ತು" ಅಂತ ಅವಳೇ ಅಳ್ತಾಳೆ. ದಿನ ಎಣಿಸೋ ಲೆಕ್ಕ ಆಣೆಯ ತಂಗಿ ಇದ್ದಂಗೆ, ಒಂದು ಸಲ ತಪ್ಪಿದ್ರೆ ಸೊನ್ನೆ. ಬೇರೆ ಲೆಕ್ಕ ಇಡಿ. ಈ ಸಲ ಎಷ್ಟು ಬೇಗ ಹೇಳಿದ್ಲು? ಹೋದ ಸಲ ಹದಿನೈದು ದಿನ ಮುಚ್ಚಿಟ್ಟಿದ್ಲು, ಈ ಸಲ ಮಾರನೇ ಬೆಳಿಗ್ಗೆಯೇ ಬಂದ್ಲು. ಗಾಯಕ್ಕಿಂತ ಮುಂಚೆ ಕಾಗದದಲ್ಲಿರೋದು ಎಷ್ಟು ಮಾಡಿ ನೋಡಿದ್ಲು? ಯಾವ ಸಾಲು ಕೆಲ್ಸ ಮಾಡ್ಲಿಲ್ವೋ ಅದನ್ನ ಹೊಡೆದು ಬೇರೆ ಬರೀಲಿ.

ಹಳೇ ಕಲೆ ಕೆಂಪು ಇಳಿದು ತಿಳಿ ಆಗೋಕೆ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕಾಗ್ಬಹುದು. ಮದುವೆ ಮನೇಲಿ ಯಾರಾದ್ರೂ "ಏನಮ್ಮ ಕೈಗೆ?" ಅಂದ್ರೆ ಹೇಳೋಕೆ ಒಂದು ಸಾಲು ಮನೇಲೇ ಅಭ್ಯಾಸ ಮಾಡ್ಸಿ: "ಹಳೇ ಗಾಯ ಆಂಟಿ, ವಾಸಿಯಾಗಿದೆ. ಊಟ ಆಯ್ತಾ?" ಪಿಯುಸಿಗೆ ಅಂತ ಮೈಸೂರಿನ ಹಾಸ್ಟೆಲ್ ಸೇರೋದಾದ್ರೆ ಆ ಕಾಗದದ ಇನ್ನೊಂದು ಪ್ರತಿ ಟ್ರಂಕಿನಲ್ಲಿ ಹೋಗ್ಲಿ. ವಾರ್ಡನ್ ಒಬ್ರಿಗೆ ಮಾತ್ರ ಹೇಳಿ, ಅದೂ ಅವಳನ್ನ ಕೇಳಿ, ಅವಳು ಎದುರಿಗಿರೋವಾಗ. 14416ನ್ನ ಫೋನಲ್ಲಿ ಯಾವ ಹೆಸರಲ್ಲಿ ಸೇವ್ ಮಾಡ್ಕೋತಾಳೋ ಅದು ಅವಳಿಷ್ಟ. ರೂಮ್‌ಮೇಟ್ ನೋಡ್ತಾಳೆ ಅನ್ನೋ ಮುಜುಗರ ಇದ್ರೆ ಸೋದರತ್ತೆ ಹೆಸರಲ್ಲಿ ಇಟ್ಕೊಳ್ಳಲಿ.